ಜೊಳ್ಳು ಹೇಳಿದ ದಿನಾಂಕ: ಮದ್ದೂರು ಸೀಮೆಯ ಒಂದು ಗದ್ದೆಯಲ್ಲಿ ಕುತ್ತಿಗೆ ಬೆಂಕಿ ರೋಗ

ಈ ಪ್ರಕರಣ ನಡೆದದ್ದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಿನವರ ಗದ್ದೆಗಳನ್ನೆಲ್ಲ ದಾಟಿ ಕೊನೆಗೆ ತಲುಪುವ ಒಂದು ಹಳ್ಳಿಯಲ್ಲಿ. ಎರಡು ಎಕರೆ ಭತ್ತದ ಗದ್ದೆ. ತಳಿ ಬಿಪಿಟಿ-5204, ಅಂದರೆ ಅಂಗಡಿಗಳಲ್ಲಿ ಸೋನಾ ಮಸೂರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಣ್ಣಕ್ಕಿಯ ಭತ್ತ. ಡಿಸೆಂಬರ್ ನಡುವಿನಲ್ಲಿ ನಾನು ಅಲ್ಲಿಗೆ ಹೋದಾಗ ಪ್ರಶ್ನೆ ಬೆಳೆಯ ರೋಗದ್ದಾಗಿ ಉಳಿದಿರಲಿಲ್ಲ, ಅಂಗಡಿಯವರ ಮೇಲಿನ ದೂರಾಗಿತ್ತು. “ಔಷ್ದಿ ಹೊಡ್ದು ನಾಕ್ ದಿನಕ್ಕೆ ತೆನೆಯೆಲ್ಲ ಬೆಳ್ಳಗಾಗೋಯ್ತು ಸಾರ್, ನೂರಕ್ಕೆ ನೂರು ಅದು ಡೂಪ್ಲಿಕೇಟೇಯ” ಎಂದು ರೈತರು ಗದ್ದೆಯ ಬದುವಿಗೆ ಕಾಲಿಡುವ ಮೊದಲೇ ಹೇಳಿದರು. ಖಾಲಿ ಪೊಟ್ಟಣವನ್ನೂ ಬಿಲ್ಲನ್ನೂ ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಬಿಲ್ಲು ಇಟ್ಟುಕೊಳ್ಳುವ ರೈತರು ನನಗೆ ಅಪರೂಪವಾಗಿ ಸಿಗುವುದರಿಂದ, ಅದೊಂದೇ ಕಾರಣಕ್ಕೆ ಈ ಪ್ರಕರಣದಲ್ಲಿ ಒಂದು ದಿನಾಂಕವಾದರೂ ಖಚಿತವಾಗಿತ್ತು.

ದೂರದಿಂದ ನೋಡಿದರೆ ಗದ್ದೆ ಎರಡು ಬಣ್ಣದಲ್ಲಿತ್ತು. ಪಡುವಲ ಭಾಗದಲ್ಲಿ ಹಸಿರು ಮಾಸಿ ಹೊಂಬಣ್ಣಕ್ಕೆ ತಿರುಗುತ್ತಿದ್ದ ತೆನೆಗಳು ಭಾರಕ್ಕೆ ಬಾಗಿದ್ದವು. ಮೂಡಲ ಬದುವಿನ ತೆಂಗಿನ ಸಾಲಿನ ಪಕ್ಕದಲ್ಲಿ ತೆನೆಗಳು ಬೂದು ಬಿಳುಪಾಗಿ ನೆಟ್ಟಗೆ ನಿಂತಿದ್ದವು. ಭತ್ತದ ಗದ್ದೆಯಲ್ಲಿ ತಲೆ ಎತ್ತಿ ನಿಂತ ತೆನೆ ಒಳ್ಳೆಯ ಲಕ್ಷಣವಲ್ಲ.

ಬಿಳಿ ತೆನೆ ಕಂಡ ಕೂಡಲೇ ಶಿಲೀಂಧ್ರದಿಂದ ಬರುವ ಬೆಂಕಿ ರೋಗ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಕಾಂಡ ಕೊರೆಯುವ ಹುಳು ಒಳಗಿನಿಂದ ತಿಂದರೂ ತೆನೆ ಹೀಗೆಯೇ ಬೆಳ್ಳಗಾಗುತ್ತದೆ. ಆದರೆ ಹುಳು ಬಿದ್ದ ತೆನೆಯನ್ನು ಹಿಡಿದು ಮೆಲ್ಲಗೆ ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡದಲ್ಲಿ ಕಚ್ಚಿದ ಗುರುತು ಮತ್ತು ಹಿಕ್ಕೆ ಕಾಣುತ್ತವೆ. ಇಲ್ಲಿ ಎಳೆದ ತೆನೆಗಳಲ್ಲಿ ಒಂದೂ ಹಾಗೆ ಬರಲಿಲ್ಲ. ಬದಲಿಗೆ ಕೆಲವು ಕುತ್ತಿಗೆಯಲ್ಲಿ, ಅಂದರೆ ತೆನೆಯ ಬುಡದ ಗಿಣ್ಣಿನಲ್ಲಿ, ಮುರಿದವು. ಎಲೆಯ ಕವಚ ಕೊಳೆತು ತೆನೆ ಅರ್ಧಕ್ಕೇ ಸಿಕ್ಕಿಕೊಳ್ಳುವ ರೋಗವೂ ಅಲ್ಲ, ಏಕೆಂದರೆ ತೆನೆಗಳು ಪೂರ್ತಿ ಹೊರಬಂದಿದ್ದವು. ಇನ್ನು ಊದುಬತ್ತಿ ರೋಗವಂತೂ ಅಲ್ಲವೇ ಅಲ್ಲ. ತೆನೆಯ ಕವಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬೂದಿ ಬಣ್ಣದ ಕಡ್ಡಿಯಂತೆ ಹೊರಬರುವ ಆ ರೋಗವನ್ನು ಜಗತ್ತಿನ ಸಸ್ಯರೋಗ ಶಾಸ್ತ್ರದ ಪುಸ್ತಕಗಳೆಲ್ಲ ನಮ್ಮ ಈ ಮಾತಿನಿಂದಲೇ ಗುರುತಿಸುತ್ತವೆ ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಕನ್ನಡದ ಗದ್ದೆಯ ಮಾತೊಂದು ವಿಜ್ಞಾನದ ಪಾರಿಭಾಷಿಕ ಪದವಾದ ಉದಾಹರಣೆಗಳು ಹೆಚ್ಚಿಲ್ಲ.

ತೆನೆಯ ಬುಡದಲ್ಲಿ, ಕಾಂಡ ಮುಗಿದು ತೆನೆ ಶುರುವಾಗುವ ಗಿಣ್ಣಿನ ಸುತ್ತ, ಒಂದು ಅಂಗುಲದಷ್ಟು ಉದ್ದಕ್ಕೆ ಕಂದು ಮಿಶ್ರಿತ ಬೂದು ಪಟ್ಟಿ ಕಾಣಿಸುತ್ತಿತ್ತು. ಒದ್ದೆ ಕಾಗದದಲ್ಲಿ ಸುತ್ತಿ ರಾತ್ರಿಯಿಡೀ ಡಬ್ಬಿಯಲ್ಲಿ ಮುಚ್ಚಿಟ್ಟ ಗಿಣ್ಣುಗಳ ಮೇಲೆ ಮರುದಿನ ಬೂದು ಬಣ್ಣದ ನವಿರು ಬೂಷ್ಟು ಎದ್ದಿತ್ತು. ಅದನ್ನು ಗಾಜಿನ ಪಟ್ಟಿಯ ಮೇಲೆ ಒರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಬಣ್ಣವಿಲ್ಲದ, ಒಂದು ತುದಿ ಚೂಪಾದ, ನಡುವೆ ಎರಡು ಅಡ್ಡಗೋಡೆಗಳಿಂದ ಮೂರು ಕೋಶಗಳಾಗಿ ವಿಭಾಗವಾದ ಬೀಜಾಣುಗಳು ಕಂಡವು. ಮ್ಯಾಗ್ನಪೋರ್ಥೆ ಒರೈಜೆ ಎಂಬ ಶಿಲೀಂಧ್ರದ ಬೀಜಾಣು ಇರುವುದು ಹೀಗೆಯೇ. ರೋಗ ಯಾವುದು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ರೈತರಿಗೆ ಇನ್ನೊಂದು ಶಂಕೆಯೂ ಇತ್ತು. ಮೇಲಿನ ಹೊಲದಲ್ಲಿ ಅವರು ಹಾಕಿದ್ದ ರಾಗಿಯಲ್ಲಿ ಕೆಲವು ತೆನೆಗಳ ಬೆರಳುಗಳು ಸುಟ್ಟಂತೆ ಆಗಿದ್ದವು, ಅಲ್ಲಿಂದಲೇ ಗದ್ದೆಗೆ ಹಾರಿ ಬಂದಿರಬೇಕು ಎಂದು ಅವರು ಭಾವಿಸಿದ್ದರು. ಹೆಸರಿನ ಮಟ್ಟಿಗೆ ಅವರ ಊಹೆ ಸರಿ. ರಾಗಿಯ ಬೆಂಕಿ ರೋಗವೂ ಭತ್ತದ ಬೆಂಕಿ ರೋಗವೂ ಒಂದೇ ಶಿಲೀಂಧ್ರದಿಂದ ಬರುತ್ತವೆ. ಆದರೆ ಆ ಶಿಲೀಂಧ್ರದೊಳಗೆ ಬೇರೆ ಬೇರೆ ಬೆಳೆಗೆ ಒಗ್ಗಿದ ಬೇರೆ ಬೇರೆ ಬಳಗಗಳಿದ್ದು, ರಾಗಿಯ ಬಳಗ ಸಾಮಾನ್ಯವಾಗಿ ಭತ್ತಕ್ಕೆ ಬರುವುದಿಲ್ಲ. ರಾಗಿಯಾಗಲಿ ಅದರ ಈ ರೋಗವಾಗಲಿ ಮಂಡ್ಯಕ್ಕೆ ಹೊಸದೂ ಅಲ್ಲ. ಇಲ್ಲಿನ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ರೂಪಿಸಿದರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಇರಲಿ, ಈ ಪ್ರಕರಣದಲ್ಲಿ ರಾಗಿ ನಿರಪರಾಧಿ.

ಉಳಿದ ಪ್ರಶ್ನೆ ರೋಗ ಯಾವಾಗ ಹತ್ತಿತು ಎಂಬುದು. ಬಿಲ್ಲಿನ ಪ್ರಕಾರ ಔಷಧಿ ಕೊಂಡದ್ದು ನಾನು ಹೋಗುವುದಕ್ಕೆ ಆರು ದಿನ ಮೊದಲು, ಸಿಂಪಡಿಸಿದ್ದು ಅದೇ ದಿನ. ತೆನೆ ಯಾವಾಗ ಬಂತು ಎಂಬುದನ್ನು ರೈತರು ನಿಖರವಾಗಿ ಹೇಳಲಾರದೆ ಹೋದರು. ಅವರ ಹೆಂಡತಿ ಹೇಳಿದರು: “ಕಡೇ ಕಾರ್ತಿಕ ಸೋಮವಾರ ದೇವಸ್ಥಾನಕ್ಕೆ ಎಣ್ಣೆ ಕೊಡಕ್ಕೆ ಈ ಬದಿನ್ ಮೇಲೇ ಹೋಗಿದ್ದು ನಾನು. ಆಗ್ಲೇ ಅಲ್ಲೊಂದು ಇಲ್ಲೊಂದು ತೆನೆ ಈಚ್ಗೆ ಬಂದಿತ್ತು.” ಲೆಕ್ಕ ಹಾಕಿದರೆ ಮೊದಲ ತೆನೆಗಳು ಹೊರಬಂದು ನಾನು ಹೋದ ದಿನಕ್ಕೆ ಇಪ್ಪತ್ತು ದಿನ, ಸಿಂಪಡಿಸಿದ ದಿನಕ್ಕೆ ಹದಿನಾಲ್ಕು ದಿನ. ಇಷ್ಟಿದ್ದರೆ ಒಂದು ಊಹೆ ಕಟ್ಟಬಹುದು. ಆದರೆ ಒಬ್ಬ ವ್ಯಾಪಾರಿಯ ಮೇಲೆ ನಕಲಿ ಮಾಲಿನ ಆರೋಪ ಇರುವಾಗ ಊಹೆ ಸಾಲದು. ಆದ್ದರಿಂದ ನಾನು ತೆನೆಯನ್ನು ಬಿಟ್ಟು ಕಾಳಿನ ಕಡೆಗೆ ತಿರುಗಿದೆ.

ಭತ್ತದ ತೆನೆ ಹೊರಬಂದ ದಿನ ಅಥವಾ ಮರುದಿನದಿಂದ ಹೂವು ಅರಳಲು ಶುರುವಾಗುತ್ತದೆ. ಬೆಳಿಗ್ಗೆ ಸುಮಾರು ಒಂಬತ್ತರಿಂದ ಮಧ್ಯಾಹ್ನದೊಳಗೆ ಹೊಟ್ಟಿನ ಎರಡು ಸಿಪ್ಪೆಗಳು ಬಾಯಿ ಬಿಟ್ಟು, ಪರಾಗ ಉದುರಿ, ಒಂದು ಗಂಟೆಯ ಆಸುಪಾಸಿನಲ್ಲಿ ಮತ್ತೆ ಮುಚ್ಚಿಕೊಳ್ಳುತ್ತವೆ. ತೆನೆಯ ತುದಿಯ ಹೂವುಗಳು ಮೊದಲು, ಬುಡದ ಕಡೆಯ ಕವಲುಗಳಲ್ಲಿರುವವು ಕೊನೆಗೆ ಅರಳುವುದರಿಂದ ಒಂದು ತೆನೆ ಪೂರ್ತಿ ಅರಳಲು ಸುಮಾರು ಒಂದು ವಾರ ಬೇಕು. ಗರ್ಭ ಕಟ್ಟಿದ ಮೇಲೆ ಒಳಗಿನ ಅಕ್ಕಿ ಬೆಳೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಉದ್ದ ಬೆಳೆಯುತ್ತದೆ, ಸುಮಾರು ಒಂದು ವಾರದೊಳಗೆ ಅದು ಹೊಟ್ಟಿನ ತುದಿಯನ್ನು ಮುಟ್ಟಿರುತ್ತದೆ. ಎರಡು ವಾರದ ಹೊತ್ತಿಗೆ ಅಗಲ ತುಂಬುತ್ತದೆ. ದಪ್ಪ ಬರುವುದು ಎಲ್ಲಕ್ಕಿಂತ ಕೊನೆಗೆ, ಮೂರನೆಯ ವಾರದಲ್ಲಿ. ಹಾಲು ಗಟ್ಟಿಯಾಗಿ ಹಿಟ್ಟಾಗುವುದು, ಹಿಟ್ಟು ಬಲಿತು ಅಕ್ಕಿಯಾಗುವುದು ಇದರ ಜೊತೆಜೊತೆಗೇ ನಡೆಯುತ್ತದೆ. ಹೀಗಾಗಿ ಆಹಾರ ನಿಂತುಹೋದ ಕಾಳು ತಾನು ಎಷ್ಟು ದಿನ ಉಂಡಿತ್ತು ಎಂಬುದನ್ನು ತನ್ನ ಆಕಾರದಲ್ಲೇ ಉಳಿಸಿಕೊಂಡಿರುತ್ತದೆ.

ತೆಂಗಿನ ಸಾಲಿನ ಬಳಿಯ ಬಿಳಿ ತೆನೆಗಳಲ್ಲಿ ಕೆಲವನ್ನು ಕಿತ್ತು, ಮನೆಯ ಜಗಲಿಯಲ್ಲಿ ಕೂತು ಒಂದು ಮೊರದ ಮೇಲೆ ಕಾಳುಗಳನ್ನು ಉದುರಿಸಿ, ಒಂದೊಂದನ್ನೂ ಹೆಬ್ಬೆರಳಿನ ಉಗುರಿನಿಂದ ಸೀಳಿದೆ. ಹೊರಗಿನಿಂದ ಎಲ್ಲವೂ ಜೊಳ್ಳೇ. ಒಳಗೆ ನೋಡಿದರೆ ಮೂರು ಬಗೆ. ಕೆಲವು ಕಾಳುಗಳಲ್ಲಿ ಅಕ್ಕಿಯ ಸುಳಿವೇ ಇರಲಿಲ್ಲ, ಒಣಗಿದ ನೂಲಿನಂಥ ಎಳೆ ಮಾತ್ರ ಇತ್ತು. ಇವು ಗರ್ಭ ಕಟ್ಟದ ಹೂವುಗಳು, ಇವುಗಳ ಗುಡ್ಡೆ ತೀರ ಚಿಕ್ಕದು. ಎರಡನೆಯ ಬಗೆಯ ಕಾಳಿನಲ್ಲಿ ಹೊಟ್ಟಿನ ಅರ್ಧಕ್ಕೋ ಮುಕ್ಕಾಲಿಗೋ ನಿಂತ ಹಸಿರುಗಪ್ಪಿನ ಮುರುಟಿದ ಚೂರು ಇತ್ತು, ಇವು ಹೆಚ್ಚಾಗಿ ತೆನೆಯ ಕೆಳಗಿನ ಕವಲುಗಳಿಂದ ಬಂದವು. ಮೂರನೆಯ ಗುಡ್ಡೆಯೇ ದೊಡ್ಡದು. ಅದರ ಕಾಳಿನೊಳಗೆ ತುದಿಯಿಂದ ತುದಿಗೆ ಪೂರ್ತಿ ಉದ್ದ ಬೆಳೆದ, ಆದರೆ ಕಾಗದದಷ್ಟು ತೆಳುವಾದ, ಅಗಲವೂ ತುಂಬದ ಪಾರದರ್ಶಕ ಪಟ್ಟಿ ಇತ್ತು. ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೇಲೆ ಹೇಳಿದ ದಿನಗಳ ಲೆಕ್ಕ ಹವಾಮಾನವನ್ನು ಅವಲಂಬಿಸಿರುತ್ತದೆ. ಚಳಿಗಾಲದಲ್ಲಿ ಕಾಳು ನಿಧಾನವಾಗಿ ತುಂಬುತ್ತದೆ, ಆದ್ದರಿಂದ ಪುಸ್ತಕದ ಲೆಕ್ಕವನ್ನು ಹಾಗೆಯೇ ಗದ್ದೆಗೆ ತಂದು ಹಚ್ಚಲಾಗದು. ಅದಕ್ಕಾಗಿ ಅದೇ ಗದ್ದೆಯ ಪಡುವಲ ಭಾಗದಿಂದ, ಅದೇ ದಿನಗಳಲ್ಲಿ ಹೊರಬಂದ ಆರೋಗ್ಯವಂತ ತೆನೆಗಳ ಕಾಳನ್ನೂ ಸೀಳಿ ಪಕ್ಕದಲ್ಲಿ ಇಟ್ಟುಕೊಂಡೆ. ಅವುಗಳ ತುದಿಯ ಕಾಳುಗಳಲ್ಲಿ ಅಕ್ಕಿಯ ಅಗಲ ಪೂರ್ತಿಯಾಗಿ, ಒತ್ತಿದರೆ ಹಾಲಿನ ಬದಲು ಮೆತ್ತನೆಯ ಹಿಟ್ಟು ಹೊರಬರುತ್ತಿತ್ತು. ಬುಡದ ಕವಲುಗಳ ತಡವಾದ ಕಾಳುಗಳಲ್ಲಿ ಹಾಲಿತ್ತು, ಆದರೆ ಅವುಗಳ ಅಕ್ಕಿಯೂ ಉದ್ದವನ್ನು ಮುಗಿಸಿ ಅಗಲ ತುಂಬುವ ಹಂತದಲ್ಲಿತ್ತು. ಬಿಳಿ ತೆನೆಯ ಬುಡದ ಕಾಳುಗಳಾದರೋ ಉದ್ದವನ್ನೇ ಮುಗಿಸಿರಲಿಲ್ಲ, ತುದಿಯವು ಉದ್ದದ ಆಚೆಗೆ ಹೆಚ್ಚು ಹೋಗಿರಲಿಲ್ಲ. ಆಹಾರದ ದಾರಿ ಮುಚ್ಚಿದ್ದು ಹೂ ಅರಳಿದ ಎರಡನೆಯ ವಾರದ ಮೊದಲ ಭಾಗದಲ್ಲಿ ಎಂದು ಇದರಿಂದ ಹೇಳಬಹುದು. ಅಂದರೆ ಸಿಂಪಡಣೆಯ ಮೊದಲು, ಇಲ್ಲವೇ ಹೆಚ್ಚೆಂದರೆ ಅದರ ಹೊತ್ತಿಗೆ. ಶಿಲೀಂಧ್ರ ಗಿಣ್ಣಿನ ಒಳಗೆ ಇಳಿದು ನಾಳಗಳನ್ನು ಹಾಳುಮಾಡಲು ಅದಕ್ಕೂ ಮುಂಚೆ ಹಲವು ದಿನ ಬೇಕಾಗಿರುವುದರಿಂದ, ಸೋಂಕು ತಗುಲಿದ್ದು ತೆನೆ ಹೊಡೆಯಿಂದ, ಅಂದರೆ ಅದನ್ನು ಸುತ್ತಿದ್ದ ಎಲೆಯ ಕವಚದಿಂದ, ಹೊರಬಂದ ಆ ಮೊದಲ ದಿನಗಳಲ್ಲೇ.

ಗರ್ಭ ಕಟ್ಟದ ಕಾಳುಗಳ ಚಿಕ್ಕ ಗುಡ್ಡೆಯೂ ಒಂದು ವಿಷಯ ಹೇಳುತ್ತದೆ. ತಡವಾದ ನಾಟಿಯಲ್ಲಿ ಜೊಳ್ಳಾದರೆ ಚಳಿಯ ಮೇಲೆ ಹಾಕುವುದು ವಾಡಿಕೆ. ತೆನೆ ಹೊರಬರುವುದಕ್ಕೆ ಹತ್ತು ಹನ್ನೆರಡು ದಿನ ಮೊದಲು ತೀವ್ರ ಚಳಿ ಬಿದ್ದರೆ ಪರಾಗ ಬಲಿಯದೆ ಹೂವು ಬಂಜೆಯಾಗುವುದು ನಿಜ. ಆದರೆ ಹಾಗಾದ ತೆನೆಯ ಕುತ್ತಿಗೆ ಹಸಿರಾಗಿಯೇ ಇರುತ್ತದೆ, ಕಾಳಿನೊಳಗೆ ಅಕ್ಕಿಯ ಪಟ್ಟಿ ಇರುವುದಿಲ್ಲ. ಇಲ್ಲಿ ಬಹುಪಾಲು ಹೂವುಗಳು ಗರ್ಭ ಕಟ್ಟಿದ್ದವು, ಕಟ್ಟಿದ ಮೇಲೆ ಉಪವಾಸ ಬಿದ್ದಿದ್ದವು.

ಕುತ್ತಿಗೆಯ ಸೋಂಕು ಇಷ್ಟು ಘಾತಕವಾಗುವುದೇಕೆ ಎಂಬುದೂ ಇಲ್ಲೇ ಅರ್ಥವಾಗುತ್ತದೆ. ಎಲೆಯ ಮೇಲೆ ಬೆಂಕಿ ರೋಗದ ವಜ್ರಾಕಾರದ ಚುಕ್ಕೆ ಬಿದ್ದರೆ ಆ ಎಲೆಯ ಒಂದಿಷ್ಟು ಭಾಗ ಹಾಳಾಗುತ್ತದೆ, ಉಳಿದ ಎಲೆ ದುಡಿಯುತ್ತದೆ. ಕಾಳಿಗೆ ಬೇಕಾದ ಸಕ್ಕರೆಯ ಹೆಚ್ಚಿನ ಪಾಲು ಹೂ ಬಿಟ್ಟ ಮೇಲೆ ಮೇಲಿನ ಎಲೆಗಳಲ್ಲಿ ತಯಾರಾಗುತ್ತದೆ, ಉಳಿದದ್ದು ಕಾಂಡದಲ್ಲಿ ಮೊದಲೇ ಕೂಡಿಟ್ಟ ಗಂಟಿನಿಂದ ಬರುತ್ತದೆ. ಎರಡೂ ಹೋಗಬೇಕಾದ್ದು ಆ ಒಂದೇ ಗಿಣ್ಣಿನ ಮೂಲಕ. ಬೇರು, ಎಲೆ, ಕಾಂಡ ಎಲ್ಲವೂ ನೆಟ್ಟಗಿದ್ದು ಗಿಣ್ಣೊಂದು ಸತ್ತರೆ ಇಡೀ ತೆನೆ ಹೋದಂತೆ. ಆ ಗದ್ದೆಯಲ್ಲಿ ಬಿಳಿ ತೆನೆಯ ಕೆಳಗಿನ ಎಲೆಗಳು ಕಡು ಹಸಿರಾಗಿದ್ದದ್ದು ರೈತರನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತ್ತು.

ಇನ್ನು ಔಷಧಿಯ ವಿಚಾರ. ಅವರು ಸಿಂಪಡಿಸಿದ್ದು ಟ್ರೈಸೈಕ್ಲಜೋಲ್ ಶೇ 75ರ ಪುಡಿ, ಲೀಟರ್ ನೀರಿಗೆ 0.6 ಗ್ರಾಂನಂತೆ, ಶಿಫಾರಸಿನ ಪ್ರಮಾಣವೇ. ಬೆಂಕಿ ರೋಗಕ್ಕೆ ಅದು ಒಳ್ಳೆಯ ಔಷಧಿ ಎಂಬುದರಲ್ಲಿ ತಕರಾರಿಲ್ಲ, ಆದರೆ ಅದು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕು. ಗಿಡದ ಮೇಲೆ ಬಿದ್ದ ಬೀಜಾಣು ಇಬ್ಬನಿಯ ಹನಿಯಲ್ಲಿ ಮೊಳೆತು, ಅದರ ತುದಿಯಲ್ಲಿ ಗುಮ್ಮಟದಂಥ ಒಂದು ಪುಟ್ಟ ಕೋಶವನ್ನು ಕಟ್ಟುತ್ತದೆ. ಆ ಗುಮ್ಮಟದ ಗೋಡೆಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಲೇಪ ಬಿದ್ದ ಮೇಲೆ ಒಳಗೆ ಒತ್ತಡ ಏರುತ್ತಾ ಹೋಗಿ ಕಾರಿನ ಟೈರಿನ ಒತ್ತಡದ ಸುಮಾರು 40 ಪಟ್ಟಿಗೆ ಮುಟ್ಟುತ್ತದೆ. ಆ ಬಲದಿಂದ ಒಂದು ಸೂಜಿಯಂಥ ಎಳೆ ಗಿಡದ ಹೊರಚರ್ಮವನ್ನು ಚುಚ್ಚಿ ಒಳನುಗ್ಗುತ್ತದೆ. ಟ್ರೈಸೈಕ್ಲಜೋಲ್ ತಡೆಯುವುದು ಈ ಮೆಲನಿನ್ ತಯಾರಿಯನ್ನು. ಲೇಪವಿಲ್ಲದ ಗುಮ್ಮಟ ಒತ್ತಡ ಹಿಡಿದಿಡಲಾರದು, ಚುಚ್ಚಲಾರದು. ಅಂದರೆ ಈ ಔಷಧಿ ಬಾಗಿಲು ಕಾಯುತ್ತದೆಯೇ ಹೊರತು ಒಳಗೆ ಹೊಕ್ಕವನನ್ನು ಹೊರಗೆಳೆಯುವುದಿಲ್ಲ. ತೆನೆ ಬೆಳ್ಳಗಾಗುವುದನ್ನು ಕಂಡು ಸಿಂಪಡಿಸಿದಾಗ ಕಳ್ಳ ಮನೆ ಸೇರಿ ಹತ್ತು ದಿನ ಕಳೆದಿತ್ತು. ಸಿಂಪಡಿಸಿದ ನಾಲ್ಕೇ ದಿನಕ್ಕೆ ‘ಎಲ್ಲ’ ಬೆಳ್ಳಗಾದದ್ದು ಮೊದಲೇ ಸತ್ತ ಗಿಣ್ಣುಗಳ ಮೇಲಿನ ತೆನೆ ಒಣಗಿದ್ದರಿಂದ.

ಆ ಪೊಟ್ಟಣ ಅಸಲಿಯೋ ನಕಲಿಯೋ ಎಂದು ನಾನು ಹೇಳಲಿಲ್ಲ. ಪುಡಿ ಉಳಿದಿರಲಿಲ್ಲ, ಪ್ರಯೋಗಾಲಯಕ್ಕೆ ಕಳಿಸಲು ಏನೂ ಇರಲಿಲ್ಲ. ಅಸಲಿಯೇ ಆಗಿದ್ದರೂ ಆ ದಿನ ಅದರಿಂದ ಆ ತೆನೆಗಳು ಉಳಿಯುತ್ತಿರಲಿಲ್ಲ ಎಂಬಷ್ಟನ್ನು ಮಾತ್ರ ಕಾಳುಗಳನ್ನು ತೋರಿಸಿ ಹೇಳಿದೆ. ಅವರಿಗೆ ಅದು ಸಮಾಧಾನ ತರಲಿಲ್ಲ, ತರಬೇಕಾದ ಕಾರಣವೂ ಇಲ್ಲ. ಕೊಳ್ಳುವ ದಿನ “ತೆನೆ ಬಂದು ಎಷ್ಟು ದಿನವಾಯಿತು” ಎಂದು ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ ಎಂಬ ಅವರ ಆಕ್ಷೇಪ ನ್ಯಾಯವಾದದ್ದು.

ರೋಗ ಆ ವರ್ಷ ಆ ಗದ್ದೆಗೇ ಏಕೆ ಇಷ್ಟು ಬಿಗಿಯಾಗಿ ಬಂತು ಎಂಬುದಕ್ಕೆ ಕಾರಣಗಳು ಒಂದರ ಮೇಲೊಂದು ಕೂಡಿಕೊಂಡಿದ್ದವು. ನಾಲೆಯ ನೀರು ಕೊನೆಭಾಗಕ್ಕೆ ತಡವಾಗಿ ಬಂದು, ಆಗಸ್ಟ್ ಮೊದಲಲ್ಲಿ ಒಟ್ಲು (ಸಸಿಮಡಿ) ಬಿಟ್ಟು, ಸೆಪ್ಟೆಂಬರ್ ಮೊದಲ ವಾರ ದಾಟಿ ನಾಟಿಯಾಗಿತ್ತು. ಬಿಪಿಟಿ-5204 ಸುಮಾರು 145ರಿಂದ 150 ದಿನದ ದೀರ್ಘಾವಧಿ ತಳಿ. ಹಾಗಾಗಿ ತೆನೆ ಬರುವ ಹೊತ್ತು ನವೆಂಬರ್ ಕೊನೆಗೆ, ಅಂದರೆ ರಾತ್ರಿ ತಂಪಾಗಿ ಇಬ್ಬನಿ ಸುರಿಯುವ ಕಾಲಕ್ಕೆ ಹೋಗಿ ಬಿತ್ತು. ಈ ಶಿಲೀಂಧ್ರ ರಾತ್ರಿಯ ಹೊತ್ತು ಬೀಜಾಣು ಹಾರಿಸುತ್ತದೆ, ಮೊಳೆತು ಒಳನುಗ್ಗಲು ಗಿಡದ ಮೈ ಹಲವು ಗಂಟೆ ಒದ್ದೆಯಾಗಿರಬೇಕು. ತೆಂಗಿನ ಸಾಲು ಎಳೆಬಿಸಿಲನ್ನು ತಡೆದು ಮೂಡಲ ಭಾಗದ ಇಬ್ಬನಿಯನ್ನು ಹೊತ್ತು ಏರುವವರೆಗೂ ಉಳಿಸುತ್ತಿತ್ತು. ನಾನು ಹೋದ ದಿನ ಒಂಬತ್ತೂವರೆಗೂ ಅಲ್ಲಿ ನನ್ನ ಪ್ಯಾಂಟು ಮೊಣಕಾಲಿನವರೆಗೆ ನೆನೆಯಿತು, ಪಡುವಲ ಭಾಗದಲ್ಲಿ ಎಲೆ ಒಣಗಿತ್ತು. ತಳಿಯಂತೂ 1986ರಲ್ಲಿ ಆಂಧ್ರದ ಬಾಪಟ್ಲದಿಂದ ಬಿಡುಗಡೆಯಾದಂದಿನಿಂದ ಅನ್ನದ ಗುಣಕ್ಕೆ ಎಷ್ಟು ಹೆಸರಾಗಿದೆಯೋ ಬೆಂಕಿ ರೋಗಕ್ಕೆ ಒಳಗಾಗುವುದರಲ್ಲಿಯೂ ಅಷ್ಟೇ ಹೆಸರಾಗಿದೆ. “ಅದ್ರಲ್ಲಿ ಈಗ ರೋಗ ತಡ್ಕಳೋದು ಬಂದದಂತಲ್ಲ” ಎಂದು ಅವರು ಕೇಳಿದರು. ಬಂದಿರುವುದು ನಿಜ. ಆದರೆ ಹೈದರಾಬಾದಿನ ಸಂಸ್ಥೆಗಳು ರೂಪಿಸಿದ ಆ ಸುಧಾರಿತ ಸಾಂಬಾ ಮಸೂರಿ (ಸಾಂಬಾ ಮಸೂರಿ ಎಂದರೆ ಬಿಪಿಟಿ-5204ರದೇ ಇನ್ನೊಂದು ಹೆಸರು) ತಡೆದುಕೊಳ್ಳುವುದು ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಅಂಗಮಾರಿಯನ್ನು, ಬೆಂಕಿ ರೋಗವನ್ನಲ್ಲ.

ಎಲ್ಲಕ್ಕಿಂತ ಹೆಚ್ಚು ಮಾತು ಬೆಳೆದದ್ದು ಯೂರಿಯಾದ ಬಗ್ಗೆ. ನಾಟಿ ತಡವಾಯಿತೆಂಬ ಅವಸರದಲ್ಲಿ, ಪೈರು ಬಿಳಿಚಿಕೊಂಡಿದೆ ಎಂದು, ಹೊಡೆ ಕಟ್ಟುವ ಹೊತ್ತಿಗೆ ಅವರು ಎಕರೆಗೆ ಒಂದು ಚೀಲ ಯೂರಿಯಾ ಹೆಚ್ಚಿಗೆ ಎರಚಿದ್ದರು. 45 ಕೆ.ಜಿ. ಚೀಲದಲ್ಲಿ ಶೇ 46ರಂತೆ ಸುಮಾರು 20 ಕೆ.ಜಿ. ಸಾರಜನಕ ಇರುತ್ತದೆ, ಆ ಹಂತದಲ್ಲಿ ಅದು ಸಣ್ಣ ಮೊತ್ತವಲ್ಲ. ಸಾರಜನಕ ಮಿತಿಮೀರಿದ ಭತ್ತದ ಅಂಗಾಂಶ ಮೆತ್ತಗಾಗುತ್ತದೆ, ಹೊರಚರ್ಮಕ್ಕೆ ಗಡಸುತನ ಕೊಡುವ ಸಿಲಿಕಾದ ಅಂಶ ತಗ್ಗುತ್ತದೆ, ಎಲೆಗಳು ಒತ್ತಾಗಿ ಬೆಳೆದು ಒಳಗಿನ ತೇವ ಆರುವುದಿಲ್ಲ. ಪಡುವಲ ಭಾಗಕ್ಕೂ ಅದೇ ಗೊಬ್ಬರ ಬಿದ್ದಿದ್ದರೂ ಅಲ್ಲಿ ರೋಗ ಕಡಿಮೆ ಇತ್ತು. ಆದ್ದರಿಂದ ಯೂರಿಯಾ ಒಂದನ್ನೇ ಹೊಣೆ ಮಾಡುವುದು ಸರಿಯಲ್ಲ, ನೆರಳು ಮತ್ತು ಇಬ್ಬನಿ ಕೂಡಿದ ಕಡೆ ಅದು ತನ್ನ ಕೆಡುಕನ್ನು ತೋರಿಸಿತು ಎನ್ನಬೇಕು.

ಕಟಾವಿನ ನಂತರ ಎರಡು ಭಾಗದ ಭತ್ತವನ್ನು ಬೇರೆ ಬೇರೆ ಇಡಲು ಕೇಳಿಕೊಂಡಿದ್ದೆ. ತೆಂಗಿನ ಸಾಲಿನ ಕಡೆಯದು ತೂರಿದಾಗಲೇ ಹೆಚ್ಚಿನಂಶ ಗಾಳಿಗೆ ಹೋಯಿತು. ಉಳಿದ ಕಾಳು, ತಡವಾಗಿ ಗಿಣ್ಣು ಸತ್ತ ತೆನೆಗಳದ್ದು, ನೋಡಲು ತುಂಬಿದಂತಿದ್ದರೂ ಅಕ್ಕಿ ಮಾಡಿಸಿದಾಗ ನುಚ್ಚೇ ಜಾಸ್ತಿ ಬಂತು. ಕೊನೆಯ ದಿನಗಳಲ್ಲಿ ಆಹಾರ ಸಾಲದ ಕಾಳಿನಲ್ಲಿ ಪಿಷ್ಟದ ಕಣಗಳು ಬಿಗಿಯಾಗಿ ಕೂರದೆ ನಡುವೆ ಗಾಳಿ ಉಳಿಯುತ್ತದೆ. ಅದರಿಂದಲೇ ಅಕ್ಕಿಯ ಹೊಟ್ಟೆ ಸುಣ್ಣದಂತೆ ಬೆಳ್ಳಗೆ ಕಾಣುತ್ತದೆ, ಗಿರಣಿಯಲ್ಲಿ ಅಲ್ಲೇ ಮುರಿಯುತ್ತದೆ.

ಮುಂದಿನ ವರ್ಷದ ಬಗ್ಗೆ ಮಾತಾಡಿದಾಗ, ನೀರು ತಡವಾದರೆ ಸೋನಾ ಬಿಟ್ಟು 120ರಿಂದ 125 ದಿನದ ತಳಿ ಹಾಕುವುದಕ್ಕೂ, ಮೇಲುಗೊಬ್ಬರವನ್ನು ಕಾಂಡದೊಳಗೆ ತೆನೆ ಮೂಡುವ ಹಂತಕ್ಕೇ ನಿಲ್ಲಿಸುವುದಕ್ಕೂ ಅವರು ಒಪ್ಪಿದರು. ಸಿಂಪಡಣೆಯನ್ನು, ಹೊಡೆ ಒಡೆದು ನೂರರಲ್ಲಿ ನಾಲ್ಕೈದು ತೆನೆ ಇಣುಕುವ ದಿನ, ಹೂ ಅರಳುವ ಬೆಳಗಿನ ಹೊತ್ತನ್ನು ಬಿಟ್ಟು ಸಂಜೆ ಮಾಡಬೇಕು ಎಂದು ಹೇಳಿದೆ. ಆ ದಿನವನ್ನು ಗುರುತು ಹಿಡಿಯುವುದು ತನ್ನ ಕೆಲಸ ಎಂದು ಅವರ ಹೆಂಡತಿ ಹೇಳಿದರು. ತೆಂಗಿನ ಮರಗಳ ವಿಷಯವನ್ನು ಯಾರೂ ಎತ್ತಲಿಲ್ಲ, ಎತ್ತುವುದು ಸಾಧ್ಯವೂ ಇರಲಿಲ್ಲ.

ಹೊರಡುವ ಮುನ್ನ ಒಟ್ಲುಪಾತಿ ಎಲ್ಲಿ ಮಾಡಿದ್ದಿರಿ ಎಂದು ಕೇಳಿದೆ. ಹಿತ್ತಿಲಿನ ಹುಲ್ಲಿನ ಮೆದೆಯ ಪಕ್ಕದ ಮಡಿಯನ್ನು ತೋರಿಸಿದರು. ನೀರಿಗೆ ಹತ್ತಿರ, ದನ ನುಗ್ಗದಂತೆ ಕಣ್ಣೆದುರಿಗೇ ಇರುತ್ತದೆ ಎಂದು ವರ್ಷವೂ ಅಲ್ಲೇ ಬಿಡುತ್ತಿದ್ದರು. ಈ ಶಿಲೀಂಧ್ರ ಒಣ ಹುಲ್ಲಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮಳೆಗೆ ನೆನೆದ ಹುಲ್ಲಿನಿಂದ ಮತ್ತೆ ಬೀಜಾಣು ಏಳುತ್ತದೆ. ಮೆದೆಯಿಂದ ಒಂದಿಷ್ಟು ಹುಲ್ಲು ಹಿರಿದು ನೋಡಿದಾಗ ಹಿಂದಿನ ವರ್ಷದ ಹುಲ್ಲಿನ ತುದಿಗಳಲ್ಲೂ ಅಲ್ಲಲ್ಲಿ ಅದೇ ಬೂದು ಗಿಣ್ಣುಗಳಿದ್ದವು. ಅವರು ಒಂದನ್ನು ತೆಗೆದು, ಬೆರಳಿನಲ್ಲಿ ಮುರಿದು, ಮೆದೆಯನ್ನೂ ಮಡಿಯನ್ನೂ ಒಂದು ಸಲ ನೋಡಿದರು. ಆ ಬೇಸಿಗೆಯಲ್ಲಿ ಮೆದೆ ಇದ್ದಲ್ಲೇ ಉಳಿಯಿತು, ಒಟ್ಲು ಕೊಳವೆ ಬಾವಿಯ ಆಚೆಗೆ ಹೋಯಿತು.